ಸಹಪಾಠಿ ವಿಮರ್ಶೆ: ‘ಕೆರೆಗೆ ಹಾರ’ದ ಕರಡುಗಳ ಹಿನ್ನೆಲೆಯಲ್ಲಿ

ಜಾನಪದದ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ವಿಶ್ಲೇಷಣಾ ಲೇಖನಗಳ ಕರಡುಗಳನ್ನು ಒಬ್ಬರಿಗೊಬ್ಬರು ಕೊಟ್ಟು ಅಭಿಪ್ರಾಯ ಬರೆಸಿಕೊಳ್ಳುವ ಕ್ರಮವನ್ನು ನನ್ನ ತರಗತಿಯಲ್ಲಿ ಅನುಸರಿಸುತ್ತ ಬಂದಿದ್ದೇನೆ. ಈ ಟಿಪ್ಪಣಿಗಳಲ್ಲಿ ಅತಿ ಹೆಚ್ಚು ಕಾಣಬರುವ ಮಾತು ‘ಚೆನ್ನಾಗಿದೆ’ ಎಂಬುದು; ಅದರ ನಂತರದ ಸ್ಥಾನ ಕಾಗುಣಿತದ ತಿದ್ದುಪಡಿಗೆ. ಇದಕ್ಕೆ ಸ್ನೇಹದ ಸಂಕೋಚವೊಂದೇ ಕಾರಣವಲ್ಲ. ಗೆಳೆಯರ ಬರಹದಲ್ಲಿ ಏನನ್ನು ಪರೀಕ್ಷಿಸಬೇಕೆಂಬುದನ್ನು ಅಧ್ಯಾಪಕರಾದ ನಾವು ಕಲಿಸಿಯೇ ಇಲ್ಲ.

‘ಕೆರೆಗೆ ಹಾರ’ ಕಥನಗೀತೆಯನ್ನು ಕುರಿತ ಒಂದು ಕರಡು ಭಾಗೀರಥಿಯದು ‘ಲೋಕಹಿತಕ್ಕಾಗಿ ಮಾಡಿದ ಸ್ವಇಚ್ಛೆಯ ಆತ್ಮಾರ್ಪಣೆ’ ಎಂದು ಪ್ರತಿಪಾದಿಸಿತ್ತು. ಮೂವರು ಸಹಪಾಠಿಗಳು ಅದನ್ನು ಮೆಚ್ಚಿದ್ದರು. ನಾಲ್ಕನೆಯ ವಿದ್ಯಾರ್ಥಿನಿ ಅಂಚಿನಲ್ಲಿ ಬರೆದದ್ದು ಇಷ್ಟು: ‘ಅವಳು ಒಪ್ಪಿದ್ದು ಯಾವ ನುಡಿಯಲ್ಲಿ?’

ಈ ಪ್ರಶ್ನೆ ಲೇಖಕನನ್ನು ಮತ್ತೆ ಪಠ್ಯದ ಬಳಿಗೆ ಕಳುಹಿಸಿತು. ಪ್ರಚಲಿತ ಪಾಠದಲ್ಲಿ ಕಿರಿಯ ಸೊಸೆಯನ್ನು ಆಹುತಿಗೆ ಗೊತ್ತುಮಾಡುವವರು ಮನೆಯ ಹಿರಿಯರು. ಅವಳ ಗಂಡ ದಂಡಿನಲ್ಲಿದ್ದಾನೆ. ತವರಿಗೆ ಹೋದ ಭಾಗೀರಥಿ ತಂದೆತಾಯಿಗಳಿಗೆ ನಿಜ ಹೇಳುವುದಿಲ್ಲ, ಅತ್ತೆಮಾವ ಬೇರೆ ಇಡುತ್ತಾರೆಂದು ನೆಪ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಗೆಳತಿಯಾದರೋ ಅವರು ಇಟ್ಟಂತೆ ಇರಬೇಕೆಂದು ಬುದ್ಧಿ ಹೇಳಿ ಕಳುಹಿಸುತ್ತಾಳೆ. ಕೊನೆಗೆ ಕೆರೆಯ ಬಳಿ ಬಿಟ್ಟುಬಂದ ಬಂಗಾರದ ಬಟ್ಟಲನ್ನು ತರುವ ನೆವದಲ್ಲಿ ಅವಳನ್ನು ಹಿಂದಕ್ಕೆ ಕಳುಹಿಸಲಾಗುತ್ತದೆ. ಇಷ್ಟರಲ್ಲಿ ‘ಸ್ವಇಚ್ಛೆ’ಗೆ ಆಧಾರವೆಲ್ಲಿ? ಹಾಗೆಂದು ಅವಳನ್ನು ಏನೂ ಅರಿಯದ ಮುಗ್ಧೆ ಎಂದ ಇನ್ನೊಂದು ಕರಡೂ ಇದೇ ಪ್ರಶ್ನೆಯೆದುರು ನಿಲ್ಲಲಾರದು. ಅವಳಿಗೆ ಎಲ್ಲವೂ ತಿಳಿದಿದೆ. ಯಾರಿಗೆ ಎಷ್ಟು ಹೇಳಬೇಕೆಂಬುದನ್ನೂ ಅವಳೇ ನಿರ್ಧರಿಸುತ್ತಾಳೆ.

ಮೌಖಿಕ ಪರಂಪರೆಯ ಪಠ್ಯಗಳಿಗೆ ಇನ್ನೂ ಒಂದು ಎಚ್ಚರ ಅಗತ್ಯ. ವಿಮರ್ಶಿಸುವ ಸಹಪಾಠಿ ಓದಿರುವುದು ಬೇರೊಂದು ಪಾಠವಾಗಿರಬಹುದು. ಆಗ ಭಿನ್ನಾಭಿಪ್ರಾಯವೆಂದು ತೋರುವುದು ಕೇವಲ ಪಾಠಾಂತರವಾಗಿರುತ್ತದೆ. ಹಾಡಿನ ಅರ್ಥವನ್ನು ಹಾಡುವವರಿಂದಲೇ ಕೇಳಿ ಸಂಗ್ರಹಿಸಬೇಕೆಂದು ಅಲನ್ ಡಂಡೆಸ್ 1966ರಲ್ಲಿಯೇ ವಾದಿಸಿದ್ದರು. ಆ ದೃಷ್ಟಿಯಿಂದ ಗಾಯಕಿಯೂ ಕರಡಿನ ಓದುಗಳಾಗಬೇಕು. ನಮ್ಮ ತರಗತಿ ಇನ್ನೂ ಅಲ್ಲಿಗೆ ತಲುಪಿಲ್ಲ.

ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯದಲ್ಲಿಯೂ ಭಾಗೀರಥಿಗೆ ಇದೇ ‘ಸ್ವಇಚ್ಛೆ’ಯನ್ನು ಆರೋಪಿಸಲಾಗಿದೆ. ಅಂದು ಕರಡು ಓದಿದ ಗೆಳೆಯರು ಚೆನ್ನಾಗಿದೆಯೆಂದೇ ಬರೆದುಕೊಟ್ಟಿದ್ದರು. ಅದೀಗ ಅಚ್ಚಾಗಿ ಗ್ರಂಥಾಲಯಗಳಲ್ಲಿದೆ. ಮೇಲೆ ಹೇಳಿದ ಕರಡಿನ ವಿದ್ಯಾರ್ಥಿ ಆಧಾರವೆಂದು ಸೂಚಿಸಿದ್ದು ಅದೇ ಪುಟವನ್ನು.