ನಯವಾದ ಕಲ್ಲಿನ ಮೇಲೆ

ಈ ವಾರ ಕಬ್ಬಿಣದ ಮಸಿಯ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅದು ಕಾಯಲಿ. ಮಿತ್ರರೊಬ್ಬರ ಪಾರ್ಕರ್ 51 ಪೆನ್ನು ರಿಪೇರಿ ಅಂಗಡಿಯಿಂದ ಮರಳಿ ಬಂದ ಸ್ಥಿತಿಯನ್ನು ಕಂಡ ಮೇಲೆ ಬೇರೆ ಯಾವುದಕ್ಕೂ ಮನಸ್ಸು ಬರುತ್ತಿಲ್ಲ.

ಸೀಡರ್ ಬ್ಲೂ ಬಣ್ಣದ ವ್ಯಾಕ್ಯುಮ್ಯಾಟಿಕ್ ಅದು. ಒಳಗಿನ ರಬ್ಬರ್ ಡಯಾಫ್ರಂ ಸತ್ತುಹೋಗಿ ಇಂಕು ಎಳೆಯುತ್ತಿರಲಿಲ್ಲ, ಇದ್ದ ಕಾಯಿಲೆ ಅದೊಂದೇ. ಈಗ ಇಂಕು ಎಳೆಯುತ್ತದೆ. ಆದರೆ ನಿಬ್ಬಿನ ಮೇಲಿನ ಹುಡ್ಡಿನ ತುಂಬ ಕೂದಲೆಳೆಯ ಬಿರುಕುಗಳು. ಬ್ಯಾರೆಲ್ಲಿಗೆ ಎಂದೂ ಇಲ್ಲದ ಹೊಳಪು ಬಂದಿದೆ, ಅದರ ಮೇಲಿದ್ದ ಅಕ್ಷರಗಳು ಹೋಗಿವೆ.

ಬಿರುಕು ಹೇಗೆ ಬಂತೆಂದು ಅಂಗಡಿಯವರು ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ. ಹುಡ್ಡನ್ನು ಕೂರಿಸಿರುವುದು ಅರಗಿನ ಅಂಟಿನಿಂದ. ಹದವಾದ ಬಿಸಿ ಕೊಟ್ಟು, ಬಿಟ್ಟು, ಮತ್ತೆ ಕೊಟ್ಟು ಅದನ್ನು ಸಡಿಲಿಸಬೇಕು. ಅವಸರದ ಕೈ ಸ್ಪಿರಿಟ್ಟಿನಲ್ಲಿ ಅದ್ದುತ್ತದೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ನಿಜ. ಆದರೆ 51ರ ಮೈ ಲ್ಯೂಸೈಟ್, ಅಂದರೆ ಅಕ್ರಿಲಿಕ್. ಸ್ಪಿರಿಟ್ಟು ಸೋಕಿದರೆ ಅದು ಸೀಳು ಬಿಡುತ್ತದೆ. 1941ರಲ್ಲಿ ಈ ಪೆನ್ನನ್ನು ಮಾರುಕಟ್ಟೆಗೆ ತಂದಾಗ ಪಾರ್ಕರ್ ಕಂಪನಿ ಸೆಲ್ಯುಲಾಯ್ಡ್ ಬಿಟ್ಟು ಲ್ಯೂಸೈಟ್ ಹಿಡಿದದ್ದಕ್ಕೆ ಕಾರಣವಿತ್ತು. ಬೇಗ ಒಣಗಲೆಂದು ಮಾಡಿದ ಅವರ ಹೊಸ ಇಂಕಿನಲ್ಲಿ ಕ್ಷಾರ ಹೆಚ್ಚು, ಸೆಲ್ಯುಲಾಯ್ಡ್ ಅದನ್ನು ತಾಳುತ್ತಿರಲಿಲ್ಲ. ಅಂಥ ಇಂಕನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ ಪೆನ್ನನ್ನು ಒಂದು ಬಟ್ಟಲು ಸ್ಪಿರಿಟ್ಟು ಕೆಡಿಸಿತು.

ಒಂದೊಂದು ಮೈಗೆ ಒಂದೊಂದು ವೈರಿ ಎಂಬುದು ಈ ಅಂಕಣದ ಓದುಗರಿಗೆ ಹೊಸದಲ್ಲ. ಹಳೆಯ ಎಬೊನೈಟನ್ನು ನೀರಲ್ಲಿ ನೆನೆಹಾಕಿದರೆ ಕಪ್ಪು ಕಂದಾಗುತ್ತದೆ. ಕಾನ್ವೇ ಸ್ಟೂವರ್ಟಿನವರು ಬಳಸುತ್ತಿದ್ದ ಕೇಸೀನ್ ನೀರು ಕುಡಿದು ಊದಿಕೊಳ್ಳುತ್ತದೆ. ಸೆಲ್ಯುಲಾಯ್ಡಿಗೆ ಬೆಂಕಿಯ ಭಯ. ಬಿಚ್ಚುವ ಮೊದಲು ಮೈ ಯಾವುದೆಂದು ಕೇಳದವನು ಎಷ್ಟೇ ವರ್ಷ ಅಂಗಡಿ ನಡೆಸಿರಲಿ, ನನ್ನ ಪೆನ್ನು ಅವನ ಕೈಗೆ ಹೋಗುವುದಿಲ್ಲ.

ಇನ್ನು ಬಫಿಂಗ್. ಹಳೆಯದನ್ನು ಹೊಸದರಂತೆ ಹೊಳೆಯಿಸುವುದೇ ರಿಪೇರಿ ಎನ್ನುವ ಪಂಥದೊಂದಿಗೆ ನನ್ನ ಜಗಳ ಬಹಳ ಕಾಲದ್ದು, ಈ ಬ್ಯಾರೆಲ್ಲು ನೋಡಿದ ಮೇಲೆ ರಾಜಿಯ ಮಾತೇ ಇಲ್ಲ. ಆ ಕಾಲದ ಪಾರ್ಕರ್ ಬ್ಯಾರೆಲ್ಲಿನ ಮೇಲೆ ಕಂಪನಿಯ ಹೆಸರಿನ ಜೊತೆ ಒಂದು ಅಂಕಿ ಇರುತ್ತಿತ್ತು, ಅದರ ಪಕ್ಕ ಚುಕ್ಕೆಗಳು. ಅಂಕಿ 6 ಎಂದಿದ್ದರೆ 1946. ವರ್ಷದ ಆರಂಭಕ್ಕೆ ಮೂರು ಚುಕ್ಕೆ, ಮೂರು ತಿಂಗಳಿಗೊಮ್ಮೆ ಒಂದೊಂದು ಕಡಿಮೆ. ಪೆನ್ನು ಹುಟ್ಟಿದ ಕಾಲವನ್ನು ಮೂರು ತಿಂಗಳ ಅಂತರದಲ್ಲಿ ಹೇಳಬಲ್ಲ ಆ ಗುರುತು ತೀರ ತೆಳು. ಬಫಿಂಗ್ ಚಕ್ರಕ್ಕೆ ಅದು ಕೆಲವು ಕ್ಷಣದ ಕೆಲಸ. ಗೀರು ಹೋಗುವುದೆಂದರೆ ಗೀರಿನ ಸುತ್ತಲಿನ ಮೈ ಸವೆಯುವುದು. ಹೊಳಪು ಹೊರಗಿನಿಂದ ಬಂದು ಸೇರುವುದಲ್ಲ. ಮಿತ್ರರು ಹೊಳಪು ಕೇಳಿರಲೂ ಇಲ್ಲ.

ಅವರು ವಿಚಾರಿಸಲು ಹೋದಾಗ ಅಂಗಡಿಯವರು ರಸೀದಿ ತೋರಿಸಿದರಂತೆ: ಹಾನಿಗೆ ನಾವು ಹೊಣೆಯಲ್ಲ. ಈ ಮಾತು ಕೇಳಿದಾಗಲೆಲ್ಲ ನಾನು ತೆಗೆಯುವ ಪುಸ್ತಕ ಒಂದಿದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರ. ಅದರ ನಾಲ್ಕನೆಯ ಅಧಿಕರಣ ಶುರುವಾಗುವುದೇ ಕುಶಲಕರ್ಮಿಗಳಿಂದ ಜನರನ್ನು ಕಾಯುವ ಪ್ರಕರಣದಿಂದ. ಬಟ್ಟೆ ಒಗೆಯುವವರು ಮರದ ಹಲಗೆಯ ಮೇಲೋ ನಯವಾದ ಕಲ್ಲಿನ ಮೇಲೋ ಒಗೆಯಬೇಕು. ಬೇರೆಡೆ ಒಗೆದರೆ ಬಟ್ಟೆಗಾದ ಹಾನಿ ತುಂಬಿಕೊಡಬೇಕು, ಮೇಲೆ ಆರು ಪಣ ದಂಡ. ಒಗೆಯಲು ಕೊಟ್ಟದ್ದನ್ನು ತಾವು ಉಟ್ಟರೆ ದಂಡ, ಮಾರಿದರೆ ಅಥವಾ ಅಡವಿಟ್ಟರೆ ಇನ್ನೂ ಹೆಚ್ಚು. ಯಾವ ಬಣ್ಣದ ಬಟ್ಟೆಯನ್ನು ಎಷ್ಟು ರಾತ್ರಿಯೊಳಗೆ ಹಿಂದಿರುಗಿಸಬೇಕು ಎಂಬುದಕ್ಕೂ ಬೇರೆಬೇರೆ ಗಡುವು.

ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಆ ಕಲ್ಲು. ಬಟ್ಟೆ ಹರಿದ ಮೇಲೆ ತಪ್ಪು ಯಾರದೆಂದು ಹುಡುಕುವುದಕ್ಕೆ ಮೊದಲೇ, ಕೆಲಸ ಯಾವುದರ ಮೇಲೆ ನಡೆಯಬೇಕೆಂದು ಕೌಟಿಲ್ಯ ಹೇಳಿಬಿಟ್ಟಿದ್ದಾನೆ. ನಮ್ಮ 1872ರ ಕರಾರು ಕಾಯ್ದೆಯ 151ನೆಯ ಕಲಂ ಇಷ್ಟು ಹತ್ತಿರ ಹೋಗುವುದಿಲ್ಲ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ, ತನ್ನ ವಶಕ್ಕೆ ಬಂದದ್ದನ್ನೂ ಅಷ್ಟು ಜೋಪಾನ ಮಾಡಬೇಕು ಎನ್ನುತ್ತದೆ. ಕಪಾಟಿನಲ್ಲಿಟ್ಟು ಕಾಯುವವನಿಗೆ ಈ ಅಳತೆ ಸರಿ. ಬಿಚ್ಚಿ ಕೆಲಸ ಮಾಡುವವನಿಗೆ ಸಾಲದು. ಸಾಮಾನ್ಯ ವಿವೇಕಕ್ಕೆ ಲ್ಯೂಸೈಟ್ ಗೊತ್ತಿಲ್ಲ. ಗೊತ್ತಿರುವವರು ಬೇಕೆಂದೇ ನಾವು ಅಂಗಡಿ ಹುಡುಕಿಕೊಂಡು ಹೋಗುವುದು.

ಅರ್ಥಶಾಸ್ತ್ರದ ಅದೇ ಪ್ರಕರಣದಲ್ಲಿ ಇನ್ನೊಂದು ವಿಧಿಯಿದೆ. ಹೇಳಿದ್ದಕ್ಕೆ ವಿರುದ್ಧವಾಗಿ ಕೆಲಸ ಮಾಡಿದವನಿಗೆ ಕೂಲಿಯೂ ಇಲ್ಲ, ಕೂಲಿಯ ಎರಡರಷ್ಟು ದಂಡ ಬೇರೆ. ಮಿತ್ರರ ಅಂಗಡಿಯವರು ಕೊನೆಗೆ ಮಜೂರಿ ಮರಳಿಸಿ ವ್ಯವಹಾರ ಮುಗಿಯಿತೆಂದರು. ಮುಗಿದಿಲ್ಲ. ಕೆಟ್ಟ 51ಗಳಿಂದ ಕಳಚಿದ ಹುಡ್ಡುಗಳು ಹುಡುಕಿದರೆ ಸಿಗುತ್ತವೆ. ಅದೇ ನೀಲಿಯದನ್ನು ತಮ್ಮ ಖರ್ಚಿನಲ್ಲಿ ತರಿಸಿ, ಬಿಸಿಯಿಂದಲೇ ಅರಗು ಹಾಕಿ ಕೂರಿಸಿಕೊಡಬೇಕು. ಅಳಿಸಿದ ಅಂಕಿಗೆ ಪೆನ್ನಿನ ಬೆಲೆಯಲ್ಲಿ ಇಳಿದಷ್ಟನ್ನು ಕಟ್ಟಿಕೊಡಬೇಕು. ಇಷ್ಟನ್ನೂ ಬರೆದು ಕಳಿಸಿ ಎಂದು ಮಿತ್ರರಿಗೆ ಹೇಳಿದ್ದೇನೆ. ಪೆನ್ನು ಕೊಡಲು ಹೊರಟಿರುವ ಉಳಿದವರು ರಸೀದಿಯ ಮೇಲೆ ಮೈ ಯಾವುದು, ಅಕ್ಷರಗಳು ಎಷ್ಟು ಸ್ಪಷ್ಟವಾಗಿವೆ, ಬಿರುಕು ಇದೆಯೇ, ಇದ್ದರೆ ಎಲ್ಲಿ ಎಂಬುದನ್ನು ಬರೆಸಿಕೊಳ್ಳಿ. ಬಫಿಂಗ್ ಬೇಡ, ಸ್ಪಿರಿಟ್ಟು ಬೇಡ ಎಂದೂ ಬರೆಸಿ. ಬರೆಯಲು ಒಪ್ಪದಿದ್ದರೆ ಪೆನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬನ್ನಿ.