ಆರು ಪಾಯಿಂಟ್ ಒಂದು

ದಸರಾ ರಜೆಗೆ ಊರಿಗೆ ಹೋದಾಗ ಅಕ್ಕನ ಮಗ ಲೆಕ್ಕದ ನೋಟ್‌ಬುಕ್ ತಂದು ತೋರಿಸಿದ. ಏಳನೇ ಕ್ಲಾಸು. 25 ÷ 4 ಅನ್ನೋ ಲೆಕ್ಕಕ್ಕೆ 6.1 ಅಂತ ಬರೆದಿದ್ದ. ಅದರ ಮೇಲೊಂದು ಕೆಂಪು ಗೀಟು, ಪಕ್ಕದಲ್ಲಿ 6.25. ಅಷ್ಟೇ.

"ಹೆಂಗೋ ಬಂತು ಇದು?" ಅಂದೆ.

"ನಾಕಾರ್ಲ ಇಪ್ಪತ್ನಾಕು, ಒಂದು ಉಳೀತು. ದಶಮಾಂಶದಲ್ಲಿ ಬರೀರಿ ಅಂತ ಇತ್ತಲ್ಲ ಮಾಮ, ಅದಕ್ಕೆ ಪಾಯಿಂಟ್ ಹಾಕಿ ಒಂದು ಬರ್ದೆ."

ಇದನ್ನು ದಡ್ಡತನ ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರಲಿಲ್ಲ. 61ನ್ನು 10ರಿಂದ ಭಾಗಿಸಿ ನೋಡಿ. ಭಾಗಲಬ್ಧ 6, ಶೇಷ 1, ದಶಮಾಂಶದಲ್ಲಿ 6.1. ಅಂದರೆ ಭಾಜಕ ಹತ್ತಾದಾಗ ಹುಡುಗನ ಸೂತ್ರ ನೂರಕ್ಕೆ ನೂರು ಸರಿ. ದಶಮಾಂಶದ ಪಾಠ ಶುರುವಾಗೋದೇ ಹತ್ತರಿಂದ ತಾನೆ? ಅಲ್ಲಿ ಸರಿಯಾಗಿದ್ದನ್ನೇ ಇಲ್ಲೂ ತಂದಿದ್ದಾನೆ. ಕೆಂಪು ಪೆನ್ನು ತಪ್ಪು ಅಂತ ಹೇಳಿತು, ಯಾಕೆ ತಪ್ಪು ಅಂತ ಹೇಳಲಿಲ್ಲ.

ನನ್ನ ತಕರಾರು ಆ ಟೀಚರ್ ಮೇಲಲ್ಲ. ನಾವು ಭಾಗಾಕಾರವನ್ನು ಎರಡು ತುಂಡು ಮಾಡಿ ಕಲಿಸೋ ರೀತಿಯ ಮೇಲೆ. ಪ್ರೈಮರಿಯಲ್ಲಿ "ಇನ್ನು ಹೋಗಲ್ಲ, ಶೇಷ 1 ಅಂತ ಬರಿ" ಅಂತೀವಿ. ಎರಡು ಮೂರು ವರ್ಷ ಬಿಟ್ಟು "ಪಾಯಿಂಟ್ ಹಾಕು, ಸೊನ್ನೆ ಇಳಿಸು" ಅಂತೀವಿ. ಮೊನ್ನೆವರೆಗೂ ಹೋಗದೇ ಇದ್ದದ್ದು ಇವತ್ತು ಹೇಗೆ ಹೋಯಿತು, ಇಲ್ಲದ ಸೊನ್ನೆ ಎಲ್ಲಿಂದ ಇಳಿಯಿತು, ಯಾರೂ ಹೇಳಲ್ಲ. ಎರಡು ಪಾಠದ ನಡುವೆ ಒಂದು ಹಳ್ಳ ಬಿಟ್ಟಿದ್ದೀವಿ, ಹುಡುಗ ಅದರ ಮೇಲೆ ತನಗೆ ತೋಚಿದ ಹಲಗೆ ಹಾಕಿಕೊಂಡಿದ್ದಾನೆ.

ತಮಾಷೆ ಅಂದರೆ, ಉತ್ತರ ಶಾರ್ಟ್ ಡಿವಿಷನ್ ಒಳಗೇ ಇದೆ. ನಮ್ಮಲ್ಲಿ ಉದ್ದ ಭಾಗಾಕಾರಕ್ಕೇ ಹೆಚ್ಚು ಮರ್ಯಾದೆ. ಉಳಿದದ್ದನ್ನು ಮುಂದಿನ ಅಂಕಿಯ ಪಕ್ಕ ಪುಟ್ಟದಾಗಿ ಬರೆದು ಒಂದೇ ಸಾಲಿನಲ್ಲಿ ಮುಗಿಸೋ ಈ ಪದ್ಧತಿಯನ್ನು ಬರೀ ಟೈಮ್ ಉಳಿಸೋ ಉಪಾಯ ಅಂದುಕೊಂಡಿದ್ದೀವಿ. 725ನ್ನು 4ರಿಂದ ಭಾಗಿಸಿ. 7ರಲ್ಲಿ ಒಂದು ಸಲ ಹೋಗಿ 3 ಉಳೀತು. ಆ 3ನ್ನು ನಾವು ಎಸೆಯಲ್ಲ. ಅದು ಮೂರು ನೂರು, ಚಿಲ್ಲರೆ ಮಾಡಿಸಿದರೆ ಮೂವತ್ತು ಹತ್ತು, ಪಕ್ಕದ 2 ಸೇರಿ 32. ಅದರಲ್ಲಿ 8 ಸಲ, ಉಳಿಕೆ ಇಲ್ಲ. ಕೊನೆಗೆ 5ರಲ್ಲಿ 1 ಸಲ, 1 ಉಳೀತು. ಇಲ್ಲಿವರೆಗೂ ಉಳಿದದ್ದನ್ನೆಲ್ಲ ಚಿಲ್ಲರೆ ಮಾಡಿಸುತ್ತಾ ಬಂದವರು ಬಿಡಿ ಸ್ಥಾನಕ್ಕೆ ಬಂದ ತಕ್ಷಣ ಅಂಗಡಿ ಮುಚ್ಚಿಬಿಡ್ತೀವಿ. ಮುಚ್ಚದಿದ್ದರೆ ಆ 1 ಅಂದರೆ ಹತ್ತು ಹತ್ತನೇ ಒಂದುಗಳು: 2 ಸಲ ಹೋಗಿ 2 ಉಳಿಯುತ್ತೆ. ಅದು ಇಪ್ಪತ್ತು ನೂರನೇ ಒಂದು: 5 ಸಲ. 181.25. ಬಿಂದು ದಾಟುವಾಗ ಹೊಸ ನಿಯಮ ಒಂದೂ ಬರಲಿಲ್ಲ. ಇಳಿದ ಸೊನ್ನೆ ಅಂದರೆ ಆ ಮನೆಯಲ್ಲಿ ಮೊದಲೇ ಏನೂ ಇರಲಿಲ್ಲ ಅನ್ನೋದರ ಗುರುತು, ಅಷ್ಟೇ.

ನಮ್ಮಜ್ಜಿಗೆ ಇದನ್ನು ವಿವರಿಸೋ ಅಗತ್ಯವೇ ಇರಲಿಲ್ಲ. ಹಳೇ ಮೈಸೂರು ಕಡೆ ಸೇರಿಗೆ ನಾಲ್ಕು ಪಾವು. 25 ಸೇರು ರಾಗಿ ನಾಲ್ಕು ಮನೆಗೆ ಹಂಚಬೇಕು ಅಂದರೆ ತಲಾ ಆರು ಸೇರು ಅಳೆದು, ಉಳಿದ ಒಂದು ಸೇರನ್ನು ಪಾವಿನಲ್ಲಿ ಅಳೆಯೋದು. ಆರು ಸೇರು ಒಂದು ಪಾವು. ನೋಡಿ, ಅಳಿಯನ 6.1 ಇಲ್ಲಿ ಸರಿಯುತ್ತರ! ಅದೇ 25 ರೂಪಾಯಿ ಆಗಿದ್ದರೆ, ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಆರು ರೂಪಾಯಿ ನಾಲ್ಕಾಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ ಆದಮೇಲೆ ಆರು ರೂಪಾಯಿ ಇಪ್ಪತ್ತೈದು ಪೈಸೆ. ಉಳಿದದ್ದು ಮೂರೂ ಕಡೆ ಅದೇ ಒಂದು. ಅದನ್ನು ಎಷ್ಟರ ಚಿಲ್ಲರೆಗೆ ಒಡೆದರು ಅನ್ನೋದಷ್ಟೇ ಬೇರೆ. ದಶಮಾಂಶ ಅಂದರೆ ಪ್ರತಿ ಸಲವೂ ಹತ್ತಕ್ಕೆ ಒಡೆಯೋ ಒಪ್ಪಂದ.

ಹಂಗಂತ ಎಲ್ಲಾ ಕಡೆ ಒಡೀತಾ ಹೋಗಿ ಅಂತಲೂ ಅಲ್ಲ. 25 ಮೀಟರ್ ಹಗ್ಗವನ್ನು ನಾಲ್ಕು ಸಮಭಾಗ ಮಾಡಬಹುದು. 25 ಪೆನ್ನನ್ನು ನಾಲ್ಕು ಜನಕ್ಕೆ ಹಂಚಿದರೆ ಒಂದು ಉಳಿಯಲೇಬೇಕು. 25 ಜನ ನಾಲ್ಕು ಸೀಟಿನ ಕಾರಲ್ಲಿ ಹೋಗಬೇಕಾದರೆ ಏಳು ಕಾರು ಬೇಕು. ಅಮೆರಿಕದಲ್ಲಿ 1983ರ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಇಂಥದ್ದೇ ಪ್ರಶ್ನೆ ಕೇಳಿದ್ದರು: ಒಂದು ಬಸ್ಸಿಗೆ 36 ಸೈನಿಕರು, ಒಟ್ಟು 1128 ಜನ, ಎಷ್ಟು ಬಸ್ಸು ಬೇಕು? ಶೇಕಡಾ 70ರಷ್ಟು ಮಕ್ಕಳು ಭಾಗಾಕಾರ ಸರಿಯಾಗೇ ಮಾಡಿದ್ದರು. ಆದರೆ 32 ಅಂದವರು ಶೇಕಡಾ 23 ಮಾತ್ರ. ಅವರಿಗಿಂತ ಹೆಚ್ಚು ಮಕ್ಕಳು, ಶೇಕಡಾ 29, ಬರೆದದ್ದು "31, ಶೇಷ 12". ಆ ಹನ್ನೆರಡು ಜನ ರಸ್ತೆಯಲ್ಲೇ ನಿಂತಿದ್ದಾರೆ ಅಂತ ಅವರಿಗೆ ಹೊಳೀಲಿಲ್ಲ. ನಮ್ಮ ಮಕ್ಕಳೂ ಹೆಚ್ಚುಕಡಿಮೆ ಹೀಗೇ. ಶೇಷದ ಪಾಠದಲ್ಲಿದ್ದರೆ ಶೇಷ, ದಶಮಾಂಶದ ಪಾಠದಲ್ಲಿದ್ದರೆ ಬಿಂದು. ಉತ್ತರದ ರೂಪವನ್ನು ನಿರ್ಧರಿಸೋದು ಪಾಠದ ಹೆಸರು, ಪ್ರಶ್ನೆಯಲ್ಲ. ಪ್ರಾಕ್ಟೀಸ್ ಆ್ಯಪ್‌ಗಳಲ್ಲಂತೂ ಉತ್ತರಕ್ಕೆ ಒಂದೇ ಡಬ್ಬ. ಯಾವ ಥರದ ಉತ್ತರ ಬೇಕು ಅಂತ ಮಗು ಯೋಚಿಸೋ ಮೊದಲೇ ಅದು ತೀರ್ಮಾನ ಆಗಿರುತ್ತೆ.

ಇಷ್ಟೆಲ್ಲ ಹೇಳೋಕೆ ಶಾಲೆಯಲ್ಲಿ ಟೈಮ್ ಎಲ್ಲಿದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 2024ರ ಅಸರ್ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ಕ್ಲಾಸಿನ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಮೂರನೇ ಒಂದು ಭಾಗವೂ ಇಲ್ಲ. ಆದರೆ ನನಗೆ ಅದು ಉಲ್ಟಾ ಕಾಣುತ್ತೆ. ಕಲಿಯೋದೇ ಕಷ್ಟ ಆಗಿರುವಾಗ ಒಂದೇ ಕೆಲಸವನ್ನು ಎರಡು ಬೇರೆ ಬೇರೆ ಮಂತ್ರ ಮಾಡಿ ಕೊಡೋದು ಯಾವ ಲೆಕ್ಕ?

ಇದರಲ್ಲಿ ನನ್ನ ಹೊಟ್ಟೆಪಾಡಿನ ವಿಷಯವೂ ಇದೆ. ಹಿಂದೆ ಕೆಲಸ ಮಾಡ್ತಿದ್ದ ಕಡೆ ಬಿಲ್ ಹಂಚೋ ಕೋಡ್ ಬರೆದಿದ್ದೆ. 100 ರೂಪಾಯಿ ಮೂರು ಜನಕ್ಕೆ: ತಲಾ 33.33. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗಲಿಲ್ಲ, ಎರಡು ರಾತ್ರಿ ಹುಡುಕಿದೆ. ಪ್ರತಿ ಬಿಲ್ಲಿನಲ್ಲೂ ಒಂದು ಪೈಸೆ ಮಾಯ. ನಾಲ್ಕನೇ ಕ್ಲಾಸಿನಲ್ಲಿ ಕಲಿತ ಶೇಷವನ್ನು ಏಳನೇ ಕ್ಲಾಸಿನ ಬಿಂದು ನುಂಗಿಹಾಕಿತ್ತು, ಬಿಇ ಮುಗಿಸಿದ ನನಗೆ ಗೊತ್ತೇ ಆಗಿರಲಿಲ್ಲ. ಪೈಥಾನಿನಲ್ಲಿ ಭಾಗಲಬ್ಧ, ಶೇಷ ಎರಡನ್ನೂ ಜೊತೆಗೇ ಕೊಡೋ ಡಿವ್‌ಮಾಡ್ ಅನ್ನೋ ಫಂಕ್ಷನ್ ಇದೆ. ಎಲ್ಲವನ್ನೂ ಪೈಸೆಯಲ್ಲಿ ಇಟ್ಟುಕೊಂಡು ಅದರಿಂದ ಮತ್ತೆ ಬರೆದೆ, ಉಳಿದ ಪೈಸೆ ಮೊದಲನೆಯವನ ತಲೆಗೆ.

ಅಳಿಯನಿಗೆ ನಾನು ಮೊದಲು ಮಾಡಿಸಿದ್ದು ತಾಳೆ. 6.1ನ್ನು ನಾಲ್ಕರಿಂದ ಗುಣಿಸು ಅಂದೆ. 24.4 ಬಂತು. "ಮಿಕ್ಕಿದ್ದು ಎಲ್ಲೋಯ್ತು ಮಾಮ?" ಅಂದ. ಒಂದು ರೂಪಾಯಿ ಚಿಲ್ಲರೆ ಮಾಡಿಸೋ ಕಥೆ ಹೇಳಿದೆ, ಐದು ನಿಮಿಷ ಹಿಡೀತು. ಆಮೇಲೆ ಬೇಕಂತಲೇ 100 ÷ 3 ಕೊಟ್ಟು ಕಾಫಿ ಕುಡಿಯೋಕೆ ಒಳಗೆ ಹೋದೆ. ವಾಪಸ್ ಬಂದಾಗ ಮೂರುಗಳ ಸಾಲು ಹಾಳೆಯ ಅಂಚು ಮುಟ್ಟಿತ್ತು, ಪ್ರತಿ ಸೊನ್ನೆ ಪಕ್ಕದಲ್ಲೂ ಪುಟ್ಟ ಒಂದು. ಹಾಳೆ ತಿರುಗಿಸಲೋ ಬೇಡವೋ ಅಂತ ನನ್ನ ಮುಖ ನೋಡ್ತಿದ್ದ.