'ಆಮ್ಲಜನಕ' ಶಬ್ದದ ಅರ್ಥವಿಚಾರ

ಕನ್ನಡದ ರಸಾಯನಶಾಸ್ತ್ರಗ್ರಂಥಗಳಲ್ಲಿ ನೆಲೆಗೊಂಡಿರುವ 'ಆಮ್ಲಜನಕ'ವೆಂಬ ಶಬ್ದವು ವಸ್ತುಸ್ವಭಾವಕ್ಕೆ ವಿರುದ್ಧವಾದುದರಿಂದ ತ್ಯಾಜ್ಯವೆಂದು ಆಕ್ಷೇಪವು ಹುಟ್ಟುತ್ತದೆ. ಅದರ ಬಲಾಬಲವು ಇಲ್ಲಿ ವಿಚಾರಣೀಯವು.

ಈ ಶಬ್ದವು ಫ್ರೆಂಚ್ ನಾಮದ ಅನುವಾದ. ಗಂಧಕ, ರಂಜಕ, ಇಂಗಾಲಗಳು ಈ ಅನಿಲದಲ್ಲಿ ಉರಿದು, ಹುಟ್ಟಿದ ವಸ್ತುವು ನೀರಿನೊಡನೆ ಸೇರಿದಾಗ ಆಮ್ಲವಾಗುವುದನ್ನು ಕಂಡು, ಲವಾಸಿಯೇ ಎಂಬ ವಿದ್ವಾಂಸನು ಸಕಲ ಆಮ್ಲಗಳಿಗೂ ಇದೇ ಕಾರಣವೆಂದು ನಿಶ್ಚಯಿಸಿದನು. 1787ರಲ್ಲಿ ಅವನೂ ಅವನ ಸಹಚರರೂ ಪ್ರಕಟಿಸಿದ ನಾಮಕರಣಪದ್ಧತಿಯಲ್ಲಿ 'ಆಕ್ಸಿಜನ್' ಎಂಬ ಹೆಸರು ಸ್ಥಿರವಾಯಿತು. ಗ್ರೀಕಿನಲ್ಲಿ 'ಆಕ್ಸುಸ್' ಎಂದರೆ ತೀಕ್ಷ್ಣ, ಹುಳಿ; 'ಗೆನ್' ಎಂಬುದು ಸಂಸ್ಕೃತದ 'ಜನ್' ಧಾತುವಿನ ಸಜಾತಿ.

ಇಲ್ಲಿ ದೋಷಗಳೆರಡು. ಮೊದಲನೆಯದು ಶಬ್ದದೋಷ. ಗ್ರೀಕ್ ಸಮಾಸಗಳ ಕೊನೆಯಲ್ಲಿ ಬರುವ 'ಗೆನೆಸ್' ಸಾಮಾನ್ಯವಾಗಿ 'ಹುಟ್ಟಿದ' ಎಂಬರ್ಥವನ್ನೇ ಕೊಡುತ್ತದೆ. 'ಡಿಯೊಗೆನೆಸ್' ಎಂದರೆ ಜ್ಯೂಸ್ ದೇವನಿಂದ ಹುಟ್ಟಿದವನು, 'ಪಂಕಜ'ದಲ್ಲಿನ 'ಜ'ಕಾರದಂತೆ. ಆದ್ದರಿಂದ ಮೂಲನಾಮಕ್ಕೆ 'ಆಮ್ಲಜ'ವೆಂಬರ್ಥವೇ ಸಹಜವಾಗಿ ಬರಬೇಕು. 'ಜನಕ'ವೆಂದು ಅನುವಾದಿಸಿದವರು ವಿವಕ್ಷಿತಾರ್ಥವನ್ನು ಹಿಡಿದು ಈ ದೋಷವನ್ನು ನೀಗಿದ್ದಾರೆ. ಎರಡನೆಯದು ಅರ್ಥದೋಷ, ಅದು ಅನುವಾದದಲ್ಲಿಯೂ ಉಳಿದಿದೆ. ಕ್ಲೋರಿನ್ ಒಂದು ಮೂಲವಸ್ತುವೆಂದು 1810ರಲ್ಲಿ ಡೇವಿಯು ಸಾಧಿಸಿದ ಮೇಲೆ, ಜಲಜನಕ ಕ್ಲೋರಿನ್‌ಗಳಿಂದಲೇ ಆದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಲೇಶವೂ ಇಲ್ಲವೆಂದು ಸಿದ್ಧವಾಯಿತು. ಈ ಬಗೆಯ ಆಮ್ಲಗಳ ಆಮ್ಲತ್ವಕ್ಕೆ ಜಲಜನಕವೇ ಹೇತುವೆಂಬುದು ಅನಂತರದ ಸಿದ್ಧಾಂತ.

ಹಾಗಾದರೆ ಹೆಸರನ್ನು ಬದಲಿಸಬೇಕೆ? ಯೋಗಾರ್ಥವೊಂದೇ ಪ್ರಮಾಣವಾದರೆ 'ಆಮ್ಲಜನಕ'ವೆಂಬ ಹೆಸರು ಜಲಜನಕಕ್ಕೆ ಸಲ್ಲಬೇಕು. 9 ಪಾಲು ತೂಕದ ನೀರಿನಲ್ಲಿ ಸುಮಾರು 8 ಪಾಲು ಆಮ್ಲಜನಕವೇ ಆದುದರಿಂದ 'ಜಲಜನಕ'ವೆಂಬುದು ಇದಕ್ಕೆ ಸಲ್ಲಬೇಕು. ಹೀಗೆ ಹೆಸರುಗಳು ಅದಲುಬದಲಾದರೆ ಶಾಸ್ತ್ರವ್ಯವಹಾರವೇ ಕೆಡುವುದು. 'ಪ್ರಾಣವಾಯು'ವೆಂಬ ಪರ್ಯಾಯವೂ ನಿರ್ದುಷ್ಟವಲ್ಲ. ಆಯುರ್ವೇದ ಯೋಗಶಾಸ್ತ್ರಗಳಲ್ಲಿ ಅದು ಅಪಾನಾದಿಗಳೊಡನೆ ಎಣಿಸಲ್ಪಡುವ ದೇಹಗತವಾಯುವಿನ ಹೆಸರು.

ಯೋಗಕ್ಕಿಂತ ರೂಢಿಯು ಪ್ರಬಲವೆಂಬುದು ಶಾಸ್ತ್ರಸಮ್ಮತ. 'ಮಂಡಪ'ವೆಂದಾಗ ಗಂಜಿಯ ತಿಳಿಯನ್ನು ಕುಡಿಯುವವನನ್ನು ಯಾರೂ ಭಾವಿಸುವುದಿಲ್ಲ. ಯೌಗಿಕವಾಗಿ ಹುಟ್ಟಿದ 'ಆಮ್ಲಜನಕ'ವೂ ಈಗ ರೂಢಶಬ್ದವೇ ಆಗಿದೆ. ಆದಕಾರಣ ಶಬ್ದವು ಉಳಿಯಲಿ. ಅದರ ವ್ಯುತ್ಪತ್ತಿಯನ್ನೇ ವಸ್ತುಲಕ್ಷಣವೆಂದು ಬೋಧಿಸುವುದು ಮಾತ್ರ ತಪ್ಪು. ಪದವನ್ನು ಬಿಡಿಸಿ ಹೇಳುವ ಉಪಾಧ್ಯಾಯನು ಆ ಅರ್ಥವು ಅಸಿದ್ಧವಾದ ಬಗೆಯನ್ನೂ ಒಡನೆಯೇ ಹೇಳಿದರೆ, ವಿದ್ಯಾರ್ಥಿಗೆ ಶಬ್ದವೂ ಶಾಸ್ತ್ರವೂ ಒಟ್ಟಿಗೆ ತಿಳಿಯುವುವು.